ಮಾರ್ಚ್‌ನ ಸಾಲು, ನವೆಂಬರ್‌ನ ಲೆಕ್ಕ: ಟೆಕ್ಸಸ್‌ನ ಒಂದು ಕ್ಷೇತ್ರದ ಪ್ರಕರಣ

ಇದು 2020ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ಸುತ್ತಲಿನ ಒಂದು ಉಪನಗರದಲ್ಲಿ ನಡೆದದ್ದು. ರಾಜ್ಯದ ಕೆಳಮನೆಯ ಒಂದು ಸ್ಥಾನಕ್ಕೆ ನಿಂತಿದ್ದ ಡೆಮಾಕ್ರಟಿಕ್ ಅಭ್ಯರ್ಥಿಯ ಪರವಾಗಿ ಓಡಾಡಿದ ಸ್ವಯಂಸೇವಕರ ಗುಂಪಿನಲ್ಲಿ ಮತದಾರರ ಪಟ್ಟಿ ನೋಡಿಕೊಳ್ಳುತ್ತಿದ್ದವನು ನಾನು. ಅಭ್ಯರ್ಥಿ, ಕ್ಷೇತ್ರ, ಜೊತೆಗಾರರ ಹೆಸರು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಹತ್ತುವಂಥ ಸಣ್ಣಪುಟ್ಟ ವಿವರಗಳನ್ನೂ ಬದಲಿಸಿದ್ದೇನೆ. ರಾಜ್ಯದ ಅಂಕಿಗಳು ಮಾತ್ರ ಇದ್ದದ್ದು ಇದ್ದ ಹಾಗೇ ಇವೆ. ನಾವು ಮಾಡಿದ ತಪ್ಪು ಯಾವ ಪಕ್ಷದ ಗುಂಪಿಗೂ ಆಗಬಹುದಾದದ್ದು. ಅಮೆರಿಕದಲ್ಲಿ ಈಗ ಎಷ್ಟೋ ಕನ್ನಡಿಗರು ಪ್ರಚಾರದ ಕೆಲಸಕ್ಕೆ ಇಳಿಯುತ್ತಿದ್ದಾರೆ, ಅದರಲ್ಲೂ ನಮ್ಮಂಥ ಎಂಜಿನಿಯರುಗಳ ಕೈಗೆ ಮೊದಲು ಸಿಗುವುದು ಸ್ಪ್ರೆಡ್‌ಶೀಟ್. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ನಮ್ಮೂರ ಕಡೆ ಟಿಕೆಟ್ ಯಾರಿಗೆ ಎನ್ನುವುದು ಹೈಕಮಾಂಡ್‌ನಲ್ಲಿ ತೀರ್ಮಾನವಾಗುತ್ತದೆ. ಅಮೆರಿಕದಲ್ಲಿ ಆ ತೀರ್ಮಾನಕ್ಕೇ ಒಂದು ಚುನಾವಣೆ ಇದೆ, ಅದೇ ಪ್ರೈಮರಿ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಸ್‌ನಲ್ಲಿ ಮತದಾರ ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವುದಿಲ್ಲ. ಪ್ರೈಮರಿಯ ದಿನ ಮತಗಟ್ಟೆಗೆ ಹೋಗಿ, ಎರಡು ಪಕ್ಷಗಳಲ್ಲಿ ಯಾವುದೋ ಒಂದರ ಬ್ಯಾಲಟ್ ಕೇಳಿ ಪಡೆಯುತ್ತಾನೆ. ಯಾರಿಗೆ ಮತ ಹಾಕಿದ ಎನ್ನುವುದು ಗುಟ್ಟಾಗಿಯೇ ಉಳಿಯುತ್ತದೆ. ಯಾವ ಪಕ್ಷದ ಬ್ಯಾಲಟ್ ಪಡೆದ ಎನ್ನುವುದು ಮಾತ್ರ ಸಾರ್ವಜನಿಕ ದಾಖಲೆ. ಪ್ರಚಾರ ಮಾಡುವವರಿಗೆ ಮತದಾರನ ಒಲವಿನ ಬಗ್ಗೆ ಸಿಗುವ ಸುಳಿವು ಹೆಚ್ಚುಕಡಿಮೆ ಅದೊಂದೇ.

2018ರ ಚುನಾವಣೆ ನಮ್ಮ ಗುಂಪಿಗೆ ಹುಮ್ಮಸ್ಸು ತುಂಬಿತ್ತು. ಸೆನೆಟ್‌ಗೆ ನಿಂತಿದ್ದ ನಮ್ಮ ಪಕ್ಷದ ಬೆಟೊ ಓ'ರೂರ್ಕ್ ಕೇವಲ 2.6 ಶೇಕಡಾಂಶದ ಅಂತರದಲ್ಲಿ ಸೋತರು. ರಾಜ್ಯದ ಕೆಳಮನೆಯಲ್ಲಿ ಡೆಮಾಕ್ರಟರು 12 ಸ್ಥಾನ ಹೆಚ್ಚಿಗೆ ಗೆದ್ದರು. 150 ಸ್ಥಾನಗಳ ಆ ಮನೆಯಲ್ಲಿ ಬಹುಮತಕ್ಕೆ ಇನ್ನು 9 ಸಾಕಿತ್ತು, ಆ ಒಂಬತ್ತರಲ್ಲಿ ನಮ್ಮದೂ ಒಂದಾದೀತು ಎಂಬ ಆಸೆ. ಇಂಥ ಒಂದು ಕ್ಷೇತ್ರವೆಂದರೆ ಸುಮಾರು 1.67 ಲಕ್ಷ ಜನ. ಕೆಲವು ಡಜನ್ ಸ್ವಯಂಸೇವಕರು ಮನಸ್ಸು ಮಾಡಿದರೆ ಮುಟ್ಟಬಹುದಾದಷ್ಟು ಚಿಕ್ಕದು, ಯಾವ ಬಾಗಿಲನ್ನು ಬಿಡಬೇಕು ಎಂದು ತೀರ್ಮಾನಿಸಲೇಬೇಕಾದಷ್ಟು ದೊಡ್ಡದು.

ಮಾರ್ಚ್ 3

ಆ ದಿನ ಟೆಕ್ಸಸ್ ಸೇರಿ ಹಲವು ರಾಜ್ಯಗಳಲ್ಲಿ ಒಟ್ಟಿಗೆ ಪ್ರೈಮರಿ. ಹಿಂದಿನ ದಿನ ರಾತ್ರಿ ಡಲ್ಲಾಸ್‌ನಲ್ಲಿ, ಅಧ್ಯಕ್ಷ ಸ್ಥಾನದ ಡೆಮಾಕ್ರಟಿಕ್ ಟಿಕೆಟ್‌ಗೆ ಪೈಪೋಟಿ ನಡೆಸಿದ್ದ ಬೂಟಜಜ್ ಮತ್ತು ಕ್ಲೋಬಶಾರ್, ತಾವು ಕಣದಿಂದ ಸರಿದು, ಬೈಡನ್‌ಗೆ ಬೆಂಬಲ ಘೋಷಿಸಿದ್ದರು. ಅದೇ ಟಿಕೆಟ್‌ಗೆ ಇನ್ನೂ ಕಣದಲ್ಲಿದ್ದ ಸ್ಯಾಂಡರ್ಸ್ ಬೆಂಬಲಿಗರಲ್ಲಿ ಛಲ, ಬ್ಲೂಮ್‌ಬರ್ಗ್ ಜಾಹೀರಾತು ಪ್ರತಿ ಟಿವಿಯಲ್ಲಿ. ಹ್ಯೂಸ್ಟನ್‌ನ ಒಂದು ವಿಶ್ವವಿದ್ಯಾಲಯದ ಮತಗಟ್ಟೆಯಲ್ಲಿ ಮಧ್ಯರಾತ್ರಿ ದಾಟಿದರೂ ಜನ ಸಾಲಿನಲ್ಲಿ ನಿಂತಿದ್ದರು. ಇತ್ತ ರಿಪಬ್ಲಿಕನ್ ಬ್ಯಾಲಟ್‌ನ ತುದಿಯಲ್ಲಿ ಹಾಲಿ ಅಧ್ಯಕ್ಷ ಟ್ರಂಪ್ ಇದ್ದರು, ಅವರಿಗೆ ಹೇಳಿಕೊಳ್ಳುವಂಥ ಎದುರಾಳಿ ಇರಲಿಲ್ಲ.

ಎಣಿಕೆ ಮುಗಿದಾಗ ಡೆಮಾಕ್ರಟಿಕ್ ಬ್ಯಾಲಟ್ ಪಡೆದವರು 20.9 ಲಕ್ಷ, ರಿಪಬ್ಲಿಕನ್ ಬ್ಯಾಲಟ್ ಪಡೆದವರು 20.2 ಲಕ್ಷ. ನಾಲ್ಕು ವರ್ಷದ ಹಿಂದೆ ಇದೇ ರಾಜ್ಯದಲ್ಲಿ ಅದು 14.4 ಲಕ್ಷ ಮತ್ತು 28.4 ಲಕ್ಷ ಇತ್ತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವತ್ತು ಯಾರೂ ಮಲಗಲಿಲ್ಲ. ನಾನೂ ಬೆಳಗಿನ ಜಾವದವರೆಗೆ ಕೂತು ಒಂದು ಚಾರ್ಟ್ ಮಾಡಿದೆ. ಎರಡು ಪಕ್ಷಗಳ ಬ್ಯಾಲಟ್‌ಗಳನ್ನು ಕೂಡಿಸಿ ನೋಡಿದರೆ 2016ರಲ್ಲಿ ರಿಪಬ್ಲಿಕನ್ನರು 33 ಶೇಕಡಾಂಶ ಮುಂದಿದ್ದರು. ಈಗ ಡೆಮಾಕ್ರಟರು 2 ಶೇಕಡಾಂಶ ಮುಂದೆ. ಮೂವತ್ತೈದರ ಜಿಗಿತ. ಟೆಕ್ಸಸ್ ಕೈಗೆ ಬಂತು ಎಂದೇ ಚಾರ್ಟ್‌ನ ತಲೆಬರಹ ಕೊಟ್ಟಿದ್ದೆ.

ಭಾನುವಾರದ ಸಭೆ

ಆ ವಾರಾಂತ್ಯದ ಸಭೆಯಲ್ಲಿ ಮೂರು ವಿಷಯ ತೀರ್ಮಾನವಾದವು, ಮೂರಕ್ಕೂ ಆಧಾರ ನನ್ನ ಚಾರ್ಟ್. ಮಾರ್ಚ್‌ನಲ್ಲಿ ಡೆಮಾಕ್ರಟಿಕ್ ಬ್ಯಾಲಟ್ ಪಡೆದವರನ್ನು ನಮ್ಮವರೆಂದು ಬರೆದುಕೊಳ್ಳುವುದು, ಅವರನ್ನು ನವೆಂಬರ್‌ನಲ್ಲಿ ಮತಗಟ್ಟೆಗೆ ತಲುಪಿಸುವುದಕ್ಕೆ ಹೆಚ್ಚಿನ ಸಮಯ ಇಡುವುದು. ಯಾವ ಪ್ರೈಮರಿಯಲ್ಲೂ ಮತ ಹಾಕದವರ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡುವುದು. ಹೊಸ ಮತದಾರರ ನೋಂದಣಿಯನ್ನು ಕಡಿಮೆ ಮಾಡುವುದು.

ಮೂರನೆಯದಕ್ಕೆ ಒಂದು ವಿವರಣೆ ಬೇಕು. ಟೆಕ್ಸಸ್‌ನಲ್ಲಿ ಮತದಾರರ ನೋಂದಣಿಗೆ ಎಲ್ಲರಿಗೂ ತೆರೆದ ಆನ್‌ಲೈನ್ ವ್ಯವಸ್ಥೆ ಇಲ್ಲ. ಕಾಗದದ ಅರ್ಜಿ ತುಂಬಿ ಸಹಿ ಹಾಕಬೇಕು. ಬೇರೆಯವರಿಂದ ಅರ್ಜಿ ಪಡೆದು ಸಲ್ಲಿಸಲು ಸ್ವಯಂಸೇವಕ ಮೊದಲು ಕೌಂಟಿಯಿಂದ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಉಪ ನೋಂದಣಾಧಿಕಾರಿ ಎಂದು ಅಧಿಕಾರ ಪಡೆಯಬೇಕು. ಒಬ್ಬ ಹೊಸ ಮತದಾರನಿಗೆ ತಗಲುವ ಹೊತ್ತಿನಲ್ಲಿ ಹತ್ತಾರು ಫೋನ್ ಮಾಡಬಹುದು ಎಂದು ನಾವು ಲೆಕ್ಕ ಹಾಕಿದೆವು. ಕೆಲವೇ ದಿನಗಳಲ್ಲಿ ಕೋವಿಡ್ ಬಂತು, ಬಾಗಿಲು ತಟ್ಟುವುದೇ ನಿಂತಿತು. ಆಗ ಈ ತೀರ್ಮಾನ ಬುದ್ಧಿವಂತಿಕೆಯ ಹಾಗೂ ಕಂಡಿತು.

ಸಭೆಯಲ್ಲಿ ವಿರೋಧಿಸಿದವರು ಒಬ್ಬರೇ. ಎಂಬತ್ತರ ದಶಕದ ಕೊನೆಯಲ್ಲಿ ಮಂಡ್ಯ ಕಡೆಯಿಂದ ಇಲ್ಲಿಗೆ ಬಂದ ಹಿರಿಯರು. ಸಭೆ ಮುಗಿದ ಮೇಲೆ ಕಾರಿನ ಹತ್ತಿರ ನಿಲ್ಲಿಸಿಕೊಂಡು ಕನ್ನಡದಲ್ಲಿ ಹೇಳಿದರು:

"ನೋಡಪ್ಪ, 2008ರಲ್ಲಿ ನಾನು ಇಲ್ಲೇ ಇದ್ದೆ. ಒಬಾಮ, ಹಿಲರಿ ಜಗಳ. ನಮ್ಮ ಕಡೆ 28 ಲಕ್ಷದ ಮೇಲೆ ಜನ ಬಂದಿದ್ರು, ಅವರ ಕಡೆ ಅದರ ಅರ್ಧಾನೂ ಇರ್ಲಿಲ್ಲ. ನವೆಂಬರ್‌ನಲ್ಲಿ ಏನಾಯ್ತು? ಅವರ ಮೆಕೇನ್ ಹತ್ತಿರಹತ್ತಿರ ಹನ್ನೆರಡು ಪಾಯಿಂಟ್‌ನಲ್ಲಿ ಗೆದ್ದ."

"ಸರ್, ಅದು ಆ ವರ್ಷದ ಜಗಳ. ಮೆಕೇನ್ ಟಿಕೆಟ್ ಆಗ್ಲೇ ಗಟ್ಟಿಯಾಗಿತ್ತು, ಹಾಗಾಗಿ ಜನ ಎಲ್ಲ ಈ ಕಡೆ ಬಂದ್ರು," ಎಂದೆ.

"ಈ ವರ್ಷ ಟ್ರಂಪ್ ಟಿಕೆಟ್ ಗಟ್ಟಿ ಇರ್ಲಿಲ್ವಾ?"

ಉತ್ತರ ಹೊಳೆಯಲಿಲ್ಲ. ಕಾಲ ಬದಲಾಗಿದೆ ಎಂದೇನೋ ಹೇಳಿದೆ. ಅವರು ಊರಿನ ಕತೆ ತೆಗೆದರು: "84ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ನಮ್ಮ ರಾಜ್ಯದಲ್ಲಿ ಕಾಂಗ್ರೆಸ್ 24 ಗೆದ್ದಿತ್ತು. ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಹತ್ರ ಹೋದ್ರು. ಮಾರ್ಚ್‌ನಲ್ಲಿ ಅವರಿಗೆ 139. ಮೂರು ತಿಂಗಳಲ್ಲಿ ಜನ ಬದಲಾಗ್ಲಿಲ್ಲ. ಕೇಳಿದ ಪ್ರಶ್ನೆ ಬೇರೆ ಆಗಿತ್ತು."

ಈ ಪ್ರಕರಣದಲ್ಲಿ ನಾವು ದಾರಿ ಬದಲಿಸಬಹುದಾಗಿದ್ದ ಜಾಗ ಅದು. 2008ನ್ನು ವಿವರಿಸಲು ನಾನು ಕೊಟ್ಟ ಕಾರಣವೇ 2020ಕ್ಕೂ ಸಲ್ಲುತ್ತದೆ ಎಂದು ಅವರು ಒಂದೇ ಪ್ರಶ್ನೆಯಲ್ಲಿ ತೋರಿಸಿದ್ದರು. ಒಂದು ಕಡೆ ಬಿಸಿಬಿಸಿ ಸ್ಪರ್ಧೆ ಇದ್ದು ಇನ್ನೊಂದು ಕಡೆ ಏನೂ ಇಲ್ಲದಿದ್ದರೆ ಜನ ಸ್ಪರ್ಧೆ ಇರುವ ಕಡೆಗೆ ಹೋಗುತ್ತಾರೆ. ನಾನು ಅದನ್ನು ಕೇಳಿಸಿಕೊಂಡೆ, ಮನೆಗೆ ಬಂದು ಚಾರ್ಟ್ ಬದಲಿಸಲಿಲ್ಲ. 2018ರ ಅಂಕಿಯಾದರೂ ನನ್ನನ್ನು ತಡೆಯಬೇಕಿತ್ತು. ಆ ವರ್ಷದ ಪ್ರೈಮರಿಯಲ್ಲಿ ರಿಪಬ್ಲಿಕನ್ ಬ್ಯಾಲಟ್ 15.5 ಲಕ್ಷ, ಡೆಮಾಕ್ರಟಿಕ್ 10.4 ಲಕ್ಷ. ಅದನ್ನು ನಂಬಿದ್ದರೆ ಓ'ರೂರ್ಕ್ ಇಪ್ಪತ್ತರ ಅಂತರದಲ್ಲಿ ಸೋಲಬೇಕಿತ್ತು. ಸೋಲನ್ನು ಹೇಳಿದ ಪ್ರೈಮರಿಯನ್ನು ನಾವು ಮರೆತೆವು, ಗೆಲುವನ್ನು ಹೇಳಿದ್ದನ್ನು ನಂಬಿದೆವು.

ಖಾಲಿ ಕಾಲಂ

ಅಕ್ಟೋಬರ್ 13ಕ್ಕೆ ಮುಂಗಡ ಮತದಾನ ಶುರುವಾಯಿತು. ದಿನದ ಕೊನೆಗೆ ಕೌಂಟಿ, ಮತ ಹಾಕಿದವರ ಪಟ್ಟಿ ಬಿಡುಗಡೆ ಮಾಡುತ್ತದೆ. ನಾವು ಅದನ್ನು ನಮ್ಮ ಪಟ್ಟಿಗೆ ಹೊಂದಿಸಿ ಯಾರ್‍ಯಾರು ಬಂದರು ಎಂದು ನೋಡುತ್ತಿದ್ದೆವು. ಮೊದಲ ನಾಲ್ಕೈದು ದಿನ ಮಾರ್ಚ್‌ನ ನಮ್ಮವರು ಸಾಲುಗಟ್ಟಿ ಬಂದರು. ಸಂಯೋಜಕಿ ದಿನಾ ರಾತ್ರಿ ಗುಂಪಿಗೆ ಅಭಿನಂದನೆ ಕಳಿಸುತ್ತಿದ್ದರು. ಮುಂಗಡ ಮತದಾನ ಮುಗಿಯುವಷ್ಟರಲ್ಲಿ ರಾಜ್ಯದಲ್ಲಿ ಸುಮಾರು 97 ಲಕ್ಷ ಮತ ಬಿದ್ದಿತ್ತು, ಅಂದರೆ 2016ರ ಪೂರ್ತಿ ಚುನಾವಣೆಯ 89.7 ಲಕ್ಷವನ್ನೂ ಮೀರಿ.

ನನ್ನ ಹಾಳೆಯಲ್ಲಿ ಒಂದು ಕಾಲಂ ಇತ್ತು: ಪ್ರೈಮರಿ ಇತಿಹಾಸ. ಅದು ಖಾಲಿ ಇರುವ ಮತದಾರರ ಸಂಖ್ಯೆ ಎರಡನೇ ವಾರದಿಂದ ದಿನೇದಿನೇ ಏರತೊಡಗಿತು. ಅವರು ಯಾರ ಕಡೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಬರೆದಿಡಬೇಕಿತ್ತು. ನಾನು ಅವರನ್ನು ಮಾರ್ಚ್‌ನ ಅನುಪಾತದಲ್ಲೇ ಎರಡು ಪಕ್ಷಗಳಿಗೂ ಹಂಚಿಬಿಟ್ಟೆ. ಪ್ರೈಮರಿಗೆ ಬಂದವರು ಹೇಗಿದ್ದಾರೋ ಬಾರದವರೂ ಹಾಗೇ ಇರುತ್ತಾರೆ ಎಂಬ ಊಹೆ ಒಂದು ಸೂತ್ರದೊಳಗೆ ಸೇರಿಕೊಂಡಿತು, ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಹಾಳೆಯ ಕೆಳಗೆ ಪ್ರತಿ ರಾತ್ರಿ ನಾವು ಗೆಲ್ಲುತ್ತಿದ್ದೇವೆ ಎಂದು ಬರುತ್ತಿತ್ತು.

ನವೆಂಬರ್ 3ಕ್ಕೆ ಮತದಾನ ಮುಗಿದಾಗ, ಮುಂಗಡ ಮತವೂ ಸೇರಿ ಟೆಕ್ಸಸ್‌ನಲ್ಲಿ ಒಟ್ಟು ಮತ ಹಾಕಿದವರು 1.13 ಕೋಟಿ. ಟ್ರಂಪ್‌ಗೆ 58.9 ಲಕ್ಷ, ಬೈಡನ್‌ಗೆ 52.6 ಲಕ್ಷ; ಅಂತರ 5.6 ಶೇಕಡಾಂಶ. ಕೆಳಮನೆ 83-67 ಇದ್ದದ್ದು 83-67ರಲ್ಲೇ ನಿಂತಿತು. ನಮ್ಮ ಅಭ್ಯರ್ಥಿಯೂ ಸೋತರು. ರಾತ್ರಿ ಹನ್ನೊಂದರ ಹೊತ್ತಿಗೆ ಫೋನ್ ಮಾಡಿ ನನ್ನನ್ನೇ ಸಮಾಧಾನ ಮಾಡಿದರು. ಆ ಕರೆ ಇವತ್ತಿಗೂ ನನ್ನನ್ನು ಬಾಧಿಸುತ್ತದೆ. ನನ್ನ ಹಾಳೆಯನ್ನು ನಂಬಿ ಅವರು ಎಂಟು ತಿಂಗಳು ಓಡಿದ್ದರು.

ಪಟ್ಟಿ ಮತ್ತೆ ಬಿಚ್ಚಿದಾಗ

ನವೆಂಬರ್‌ನಲ್ಲಿ ಯಾರು ಮತ ಹಾಕಿದರು ಎಂಬ ದಾಖಲೆ ಪಟ್ಟಿಗೆ ಸೇರಿದ ಮೇಲೆ ನಾನೂ ಆ ಹಿರಿಯರೂ ಚಳಿಗಾಲದಲ್ಲಿ ಕೂತು ಪ್ರಿಸಿಂಕ್ಟ್ ಪ್ರಿಸಿಂಕ್ಟಾಗಿ, ಅಂದರೆ ಒಂದೊಂದು ಮತಗಟ್ಟೆಯ ವ್ಯಾಪ್ತಿಯನ್ನೂ ಬೇರೆಬೇರೆಯಾಗಿ, ನೋಡಿದೆವು. ಮೊದಲು ಮಾಡಿದ್ದು ಒಂದು ಕಳೆಯುವ ಲೆಕ್ಕ. ಮಾರ್ಚ್‌ನಲ್ಲಿ ಎರಡೂ ಪಕ್ಷ ಸೇರಿ 41 ಲಕ್ಷ, ನವೆಂಬರ್‌ನಲ್ಲಿ 113 ಲಕ್ಷ. ಪ್ರೈಮರಿಗೆ ಬಂದ ಒಬ್ಬೊಬ್ಬರೂ ನವೆಂಬರ್‌ಗೆ ಬಂದರು ಎಂದೇ ಇಟ್ಟುಕೊಂಡರೂ ಕನಿಷ್ಠ 72 ಲಕ್ಷ ಜನ ಮಾರ್ಚ್‌ನಲ್ಲಿ ಯಾರಿಗೂ ಕಂಡಿರಲೇ ಇಲ್ಲ. ಚುನಾವಣೆ ತೀರ್ಮಾನವಾದದ್ದು ಅವರಿಂದ. ಈ ಕಳೆಯುವ ಲೆಕ್ಕಕ್ಕೆ ನವೆಂಬರ್‌ವರೆಗೆ ಕಾಯಬೇಕಾಗಿರಲಿಲ್ಲ. 2016ರ ಅಂಕಿ ನಮ್ಮ ಬಳಿ ಇತ್ತು, ಆ ವರ್ಷವೂ ಪ್ರೈಮರಿಗೆ ಬಂದವರು ನವೆಂಬರ್‌ಗೆ ಬಂದವರ ಅರ್ಧಕ್ಕಿಂತ ಕಡಿಮೆ.

ಇನ್ನು, ಮಾರ್ಚ್‌ನ ನಮ್ಮವರು. ಅವರಲ್ಲಿ ಹೆಚ್ಚಿನವರು 2016 ಮತ್ತು 2018ರ ನವೆಂಬರ್‌ನಲ್ಲೂ ಮತ ಹಾಕಿದವರೇ. ಅವರು ಹೊಸದಾಗಿ ಹುಟ್ಟಿದ ಬೆಂಬಲಿಗರೆಂದು ನಾವು ಭಾವಿಸಿದ್ದೆವು. ಹೊಸದಾಗಿದ್ದದ್ದು ಅವರು ಪ್ರೈಮರಿಗೆ ಬಂದದ್ದು ಮಾತ್ರ. ಹೇಗಿದ್ದರೂ ಬರುವವರಿಗೆ ಬನ್ನಿ ಬನ್ನಿ ಎಂದು ನಾವು ಸಾವಿರಾರು ಕರೆ ಮಾಡಿದ್ದೆವು. ಅದೇ ತಿಂಗಳುಗಳಲ್ಲಿ ಎದುರು ಪಕ್ಷದವರು ನಮ್ಮದೇ ಬೀದಿಗಳಲ್ಲಿ ಬಾಗಿಲು ತಟ್ಟುತ್ತಿದ್ದರು.

2016ರಲ್ಲಿ ರಿಪಬ್ಲಿಕನ್ ಬ್ಯಾಲಟ್ ಪಡೆದು 2020ರಲ್ಲಿ ಡೆಮಾಕ್ರಟಿಕ್ ಬ್ಯಾಲಟ್‌ಗೆ ಬಂದವರೂ ಇದ್ದರು. ಇವರ ವಿಷಯದಲ್ಲಿ ಮಾರ್ಚ್ ಪೂರ್ತಿ ಸುಳ್ಳು ಹೇಳಿರಲಿಲ್ಲ. ಡಲ್ಲಾಸ್‌ನ ಉತ್ತರಕ್ಕಿರುವ ಕಾಲಿನ್ ಕೌಂಟಿಯಲ್ಲಿ ಟ್ರಂಪ್ 2016ರಲ್ಲಿ ಸುಮಾರು 17 ಶೇಕಡಾಂಶದ ಅಂತರದಲ್ಲಿ ಗೆದ್ದಿದ್ದವರು 2020ರಲ್ಲಿ ನಾಲ್ಕು ಚಿಲ್ಲರೆಗೆ ಇಳಿದರು. ಟ್ಯಾರಂಟ್ ಕೌಂಟಿಯನ್ನು ಬೈಡನ್ ಕೂದಲೆಳೆಯಲ್ಲಿ ಗೆದ್ದರು. ಉಪನಗರಗಳು ನಿಜವಾಗಿಯೂ ಸರಿದಿದ್ದವು. ಆದರೆ ಅವು ಸರಿದದ್ದು ಟ್ರಂಪ್ ಎಂಬ ಒಬ್ಬ ವ್ಯಕ್ತಿಯಿಂದ. ಅದೇ ಬ್ಯಾಲಟ್‌ನಲ್ಲಿ ಸೆನೆಟ್‌ಗೆ ನಿಂತಿದ್ದ ರಿಪಬ್ಲಿಕನ್ ಕಾರ್ನಿನ್ 9.6ರ ಅಂತರದಲ್ಲಿ ಗೆದ್ದರು. ನಮ್ಮ ಕ್ಷೇತ್ರದ ಎಷ್ಟೋ ಪ್ರಿಸಿಂಕ್ಟ್‌ಗಳಲ್ಲಿ ಬೈಡನ್‌ಗೆ ಬಿದ್ದಷ್ಟು ಮತ ನಮ್ಮ ಅಭ್ಯರ್ಥಿಗೆ ಬೀಳಲಿಲ್ಲ. ಒಂದೇ ಗುಂಡಿ ಒತ್ತಿ ಇಡೀ ಪಕ್ಷಕ್ಕೆ ಮತ ಹಾಕುವ ಸೌಲಭ್ಯವನ್ನು ಟೆಕ್ಸಸ್ ಆ ವರ್ಷದಿಂದಲೇ ತೆಗೆದುಹಾಕಿತ್ತು. ಹಾಗಾಗಿ ಮತದಾರ ಪ್ರತಿ ಸ್ಥಾನಕ್ಕೂ ಬೇರೆಯಾಗಿ ಯೋಚಿಸಿ ಇಳಿದು ಬರಬೇಕಿತ್ತು. ಅಧ್ಯಕ್ಷರ ಸ್ಪರ್ಧೆಗೆಂದು ಮಾರ್ಚ್‌ನಲ್ಲಿ ಬಂದ ವ್ಯಕ್ತಿಯನ್ನು ಕೆಳಮನೆಯ ಅಭ್ಯರ್ಥಿಯ ಮತವೆಂದು ನಾನು ಎಣಿಸಿದ್ದೆ.

ರಾಜ್ಯದ ಒಟ್ಟು ಅಂಕಿಯಲ್ಲಿ ಇನ್ನೊಂದು ಮೋಸವಿತ್ತು, ಇದನ್ನು ಕಂಡುಹಿಡಿದವರು ಹಿರಿಯರು. ಮೆಕ್ಸಿಕೊ ಗಡಿಯ ರಿಯೊ ಗ್ರಾಂಡೆ ಕಣಿವೆಯಲ್ಲಿ ಶೆರಿಫ್, ಕೌಂಟಿ ನ್ಯಾಯಾಧೀಶರಂಥ ಸ್ಥಳೀಯ ಹುದ್ದೆಗಳು ತಲೆಮಾರುಗಳಿಂದ ಡೆಮಾಕ್ರಟಿಕ್ ಪ್ರೈಮರಿಯಲ್ಲೇ ಇತ್ಯರ್ಥವಾಗುತ್ತಿದ್ದವು. ಯಾರದೋ ಅಣ್ಣ, ಯಾರದೋ ಬೀಗರು ನಿಂತಿರುತ್ತಾರೆ. ಅವರಿಗೆ ಮತ ಹಾಕಬೇಕೆಂದರೆ ಆ ಬ್ಯಾಲಟ್ಟೇ ಬೇಕು. ವಾಷಿಂಗ್ಟನ್ನಿನ ರಾಜಕೀಯದ ಬಗ್ಗೆ ಆ ಬ್ಯಾಲಟ್ ಏನೂ ಹೇಳುವುದಿಲ್ಲ. ಅಲ್ಲಿನ ಸ್ಟಾರ್ ಕೌಂಟಿಯನ್ನು ಹಿಲರಿ ಕ್ಲಿಂಟನ್ 2016ರಲ್ಲಿ 60 ಶೇಕಡಾಂಶದ ಅಂತರದಲ್ಲಿ ಗೆದ್ದಿದ್ದರು. 2020ರಲ್ಲಿ ಬೈಡನ್‌ಗೆ ಸಿಕ್ಕ ಅಂತರ ಬರೀ 5. ಪಕ್ಕದ ಸಪಾಟಾ ಕೌಂಟಿ ಟ್ರಂಪ್ ಕಡೆಗೇ ಹೋಯಿತು. ಮಾರ್ಚ್‌ನಲ್ಲಿ ಆ ಬ್ಯಾಲಟ್‌ಗಳನ್ನು ನಾವು ಉಪನಗರದ ಬ್ಯಾಲಟ್‌ಗಳ ಜೊತೆ ಕೂಡಿಸಿ ಒಂದೇ ಅಂಕಿ ಮಾಡಿದ್ದೆವು.

ಆಮೇಲೆ ನಾನು ಹಳೆಯ ವರ್ಷಗಳನ್ನೂ ಹಾಳೆಗೆ ಸೇರಿಸಿದೆ. ಟೆಕ್ಸಸ್ ಪ್ರೈಮರಿಯಲ್ಲಿ 2008ರಲ್ಲಿ ಡೆಮಾಕ್ರಟರು ಸುಮಾರು 36 ಶೇಕಡಾಂಶ ಮುಂದೆ, ನವೆಂಬರ್‌ನಲ್ಲಿ ರಿಪಬ್ಲಿಕನ್ನರಿಗೆ 11.8ರ ಗೆಲುವು. 2016ರಲ್ಲಿ ರಿಪಬ್ಲಿಕನ್ನರು 33 ಮುಂದೆ, ನವೆಂಬರ್‌ನಲ್ಲಿ ಅವರ ಅಂತರ 9. 2020ರದು ಮೇಲೆ ಹೇಳಿದೆ. ಮಾರ್ಚ್‌ನ ಅಂಕಿ ಆ ತುದಿಯಿಂದ ಈ ತುದಿಗೆ ಜೀಕುತ್ತದೆ, ನವೆಂಬರ್‌ನದು ಕೆಲವೇ ಶೇಕಡಾಂಶ ಅಲುಗುತ್ತದೆ. ಬೇರೆ ಕಡೆಯೂ ಹೀಗೇ. ವರ್ಜೀನಿಯಾದಲ್ಲಿ 2016ರ ರಿಪಬ್ಲಿಕನ್ ಪ್ರೈಮರಿಗೆ 10 ಲಕ್ಷ ದಾಟಿ ಜನ ಬಂದರು, ಡೆಮಾಕ್ರಟಿಕ್‌ಗೆ 8 ಲಕ್ಷವೂ ಇಲ್ಲ. ನವೆಂಬರ್‌ನಲ್ಲಿ ಆ ರಾಜ್ಯ ಗೆದ್ದವರು ಕ್ಲಿಂಟನ್. 1988ರಲ್ಲಿ ದೇಶದಾದ್ಯಂತ ಡೆಮಾಕ್ರಟಿಕ್ ಪ್ರೈಮರಿಗಳಿಗೆ ಬಂದವರು ರಿಪಬ್ಲಿಕನ್‌ಗೆ ಬಂದವರಿಗಿಂತ ಬಹಳ ಹೆಚ್ಚು, ಆದರೂ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ 426 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸುವ ರಾಜ್ಯವಾರು ಮತ) ಪಡೆದು ಗೆದ್ದರು.

ಪ್ರೈಮರಿಯಿಂದ ಏನೂ ತಿಳಿಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ, ಅಧ್ಯಕ್ಷ ಸ್ಥಾನದ ಪ್ರೈಮರಿ ಬಿಟ್ಟರೆ, 2008ರಿಂದ ಎಲ್ಲ ಪಕ್ಷಗಳ ಅಭ್ಯರ್ಥಿಗಳೂ ಒಂದೇ ಬ್ಯಾಲಟ್‌ನಲ್ಲಿರುತ್ತಾರೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ. ಅಲ್ಲಿ ಯಾರೂ ಪಕ್ಷದ ಬ್ಯಾಲಟ್ ಆಯಬೇಕಿಲ್ಲ. ಪ್ರೈಮರಿ ಆಗಸ್ಟ್‌ನಲ್ಲಿ, ಅಂದರೆ ನವೆಂಬರ್‌ಗೆ ಹತ್ತಿರ. 2022ರ ಆಗಸ್ಟ್‌ನಲ್ಲಿ ಸೆನೆಟರ್ ಮರ್ರಿ ಒಬ್ಬರೇ 52 ಶೇಕಡಾ ಪಡೆದರು. ಆ ಶರತ್ಕಾಲದಲ್ಲಿ ಅವರು ಕಷ್ಟದಲ್ಲಿದ್ದಾರೆಂದು ಹೇಳುವವರಿದ್ದರು; ನವೆಂಬರ್‌ನಲ್ಲಿ 57 ಪಡೆದು ಗೆದ್ದರು. ಅಲ್ಲಿ ಎಣಿಸುವುದು ಎರಡು ಪಕ್ಷಗಳಿಗೆ ಬಿದ್ದ ಮತದ ಪಾಲನ್ನು. ನಾವು ಎಣಿಸಿದ್ದು ಎರಡು ಬೇರೆ ಬೇರೆ ಬಾಗಿಲುಗಳ ಮುಂದೆ ನಿಂತ ಸಾಲಿನ ಉದ್ದವನ್ನು.

2024

ಮುಂದಿನ ಅಧ್ಯಕ್ಷೀಯ ವರ್ಷ ಚಿತ್ರ ತಲೆಕೆಳಗಾಗಿತ್ತು. ಮಾರ್ಚ್ 5ರಂದು ರಿಪಬ್ಲಿಕನ್ ಬ್ಯಾಲಟ್ 23.2 ಲಕ್ಷ, ಡೆಮಾಕ್ರಟಿಕ್ 9.8 ಲಕ್ಷ. ಗುಂಪಿಗೆ ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ರಾತ್ರಿಯೇ ಸಂದೇಶ ಕಳಿಸಿದಳು: "ಅಣ್ಣಾ, ಮುಗೀತಾ?" ಬೈಡನ್‌ಗೆ ಸ್ಪರ್ಧೆಯೇ ಇಲ್ಲದ ವರ್ಷ ಇದು, ಈ ಅಂಕಿಯಿಂದ ಏನನ್ನೂ ಓದಬೇಡ ಎಂದು ಬರೆದೆ. ನವೆಂಬರ್‌ನಲ್ಲಿ ಟ್ರಂಪ್ ಟೆಕ್ಸಸ್ ಗೆದ್ದದ್ದು 13.7ರ ಅಂತರದಲ್ಲಿ. ಸ್ಟಾರ್ ಕೌಂಟಿಯೂ ರಿಪಬ್ಲಿಕನ್ ಆಯಿತು, 1892ರ ನಂತರ ಮೊದಲ ಬಾರಿಗೆ. ಮಾರ್ಚ್ ಹೇಳಿದ್ದೇ ನಿಜವಾಯಿತಲ್ಲ ಎಂದು ಅವಳು ಕೇಳಿದಾಗ 2008, 2016, 2018, 2020, 2024 ಹೀಗೆ ಐದು ಚುನಾವಣೆಗಳ ಅಂಕಿಯನ್ನೂ ಅವಳ ಮುಂದೆ ಇಟ್ಟೆ. ಮಾರ್ಚ್ ಯಾರ ಕಡೆ ವಾಲಿದರೂ ನವೆಂಬರ್ ಐದಕ್ಕೆ ಐದೂ ಸಲ ಒಂದೇ ಕಡೆ ಬಿದ್ದಿದೆ. ಅಂಥ ರಾಜ್ಯದಲ್ಲಿ ಮಾರ್ಚ್ ಒಮ್ಮೊಮ್ಮೆ ಸರಿಯಾಗಿ ಕಾಣಿಸಲೇಬೇಕು.

ಆ ವರ್ಷ ನಾವು ಬದಲಿಸಿದ್ದು ಪಟ್ಟಿಯ ಕ್ರಮವನ್ನು. ಪ್ರೈಮರಿ ಕಾಲಂ ಖಾಲಿ ಇದ್ದವರು ಮೊದಲು, ಉಳಿದವರು ಆಮೇಲೆ. ಖಾಲಿ ಇರುವವರನ್ನು ಯಾವ ಪಕ್ಷಕ್ಕೂ ಹಂಚುವುದಿಲ್ಲ. ಮಾತಾಡಿಸಿದ ಮೇಲಷ್ಟೇ ಏನಾದರೂ ಬರೆಯುವುದು. ಮಾರ್ಚ್ ಕೊನೆಯ ಒಂದು ಶನಿವಾರ ನಾನೂ ಆ ಹುಡುಗಿಯೂ ನೋಂದಣಿ ಅರ್ಜಿಗಳನ್ನೂ ಹೊತ್ತು ಹೊರಟೆವು. ಮೊದಲ ಮನೆಯಲ್ಲಿ ಬಾಗಿಲು ತೆರೆದವರು ಅರವತ್ತು ದಾಟಿದ ಮಹಿಳೆ. ಪಟ್ಟಿಯ ಪ್ರಕಾರ ಒಂದೂ ಪ್ರೈಮರಿಗೆ ಬಂದವರಲ್ಲ, ಒಂದೂ ನವೆಂಬರ್ ತಪ್ಪಿಸಿದವರಲ್ಲ. ನಾವು ಯಾರೆಂದು ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ನಮ್ಮನ್ನೇ ನೋಡಿದರು. ಈ ಮನೆಗೆ ಬಂದು ಹನ್ನೊಂದು ವರ್ಷವಾಯಿತು, ಯಾವ ಪಕ್ಷದವರೂ ಇದುವರೆಗೆ ನನ್ನ ಬಾಗಿಲು ತಟ್ಟಿರಲಿಲ್ಲ ಎಂದು ಹೇಳಿ, ಒಳಗೆ ಬನ್ನಿ ಎಂದರು.